ಜೇಬುಮೀಮಾಂಸೆ: ಫ್ಲೈ ಫಿಶಿಂಗ್ ವೆಸ್ಟಿನ ಆಯ್ಕೆಯ ತಾತ್ವಿಕ ನೆಲೆಗಳು

ಪ್ರಸ್ತುತ ಪ್ರಬಂಧವು ಫ್ಲೈ ಫಿಶಿಂಗ್ (ಗಾಳಕ್ಕೆ ಕೃತಕ ನೊಣ ಕಟ್ಟಿ ಮೀನು ಹಿಡಿಯುವುದು) ಮಾಡುವವರು ತೊಡುವ ತೋಳಿಲ್ಲದ, ಮೈತುಂಬ ಜೇಬುಳ್ಳ ವೆಸ್ಟನ್ನು ಒಂದು ಪಠ್ಯವಾಗಿ ಪರಿಭಾವಿಸಿ, ಅದರ ಒಳಜೇಬು ಹೊರಜೇಬುಗಳ ನಡುವಣ ಯಜಮಾನಿಕೆಯ ಸಂಬಂಧಗಳನ್ನು ಬಹುಶಿಸ್ತೀಯ ಚೌಕಟ್ಟಿನಲ್ಲಿ ಮುಖಾಮುಖಿಯಾಗಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. ವೆಸ್ಟನ್ನು ನಾವು ಆರಿಸುತ್ತೇವೆಯೋ, ವೆಸ್ಟೇ ನಮ್ಮನ್ನು ಆರಿಸುತ್ತದೆಯೋ ಎಂಬ ಪ್ರಶ್ನೆ ಇಲ್ಲಿ ಮುನ್ನೆಲೆಗೆ ಬರುತ್ತದೆ. ಬಂದು ಏನು ಮಾಡುತ್ತದೆ ಎಂದು ಕೇಳಬಾರದು. ವಿಚಾರಸಂಕಿರಣಗಳಲ್ಲಿ ಪ್ರಶ್ನೆಗಳು ಬೆಳಿಗ್ಗೆ ಮುನ್ನೆಲೆಗೆ ಬಂದು ಊಟದ ಹೊತ್ತಿಗೆ ಹಿನ್ನೆಲೆಗೆ ಸರಿಯುವುದು ವಾಡಿಕೆ.

ಪೂರ್ವಾಧ್ಯಯನಗಳ ಸಮೀಕ್ಷೆಯಿಂದ ತೊಡಗೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದ ಮತ್ಸ್ಯವಿನೋದದಲ್ಲಿ ಯಾವ ಮೀನಿಗೆ ಯಾವ ಮೇವು, ಗಾಳದ ದಾರ ಹೇಗಿರಬೇಕು ಎಂಬುದೆಲ್ಲ ಇದೆ, ವೆಸ್ಟಿನ ಮಾತಿಲ್ಲ. ಈ ಮೌನವನ್ನು ಹೇಗೆ ಓದಬೇಕು? ದೊರೆಗೆ ಸಾಮಾನು ಹೊರಲು ಆಳುಗಳಿದ್ದರು ಎಂಬುದು ಸರಳ ಉತ್ತರ. ಸರಳ ಉತ್ತರಕ್ಕೆ ಪಿಎಚ್.ಡಿ. ಸಿಗುವುದಿಲ್ಲವಾದ್ದರಿಂದ ಇದನ್ನು ‘ಜೇಬುಪೂರ್ವ ಪ್ರಜ್ಞೆ’ ಎಂದು ಕರೆಯತಕ್ಕದ್ದು. ಇಂಗ್ಲೆಂಡಿನಲ್ಲಿ 1496ರಲ್ಲೇ ಗಾಳದ ಬಗ್ಗೆ ಪುಸ್ತಕ ಅಚ್ಚಾಯಿತು. ಐಸಾಕ್ ವಾಲ್ಟನ್‌ನ ಹೆಸರಾಂತ ಪುಸ್ತಕ ಬಂದದ್ದು 1653ರಲ್ಲಿ. ಇವರೂ ಜೇಬುಪೂರ್ವರೇ. ಕೊಕ್ಕೆಗೆ ಗರಿ, ದಾರ ಸುತ್ತಿ ಅದನ್ನು ಥೇಟ್ ನೊಣದಂತೆ ಕಾಣಿಸುವ ವಿದ್ಯೆ ಆಗಲೇ ಇತ್ತು. ಆ ನೊಣವನ್ನು ಎಲ್ಲಿಟ್ಟುಕೊಳ್ಳಬೇಕೆಂಬುದು ಇನ್ನೂ ಶಾಸ್ತ್ರವಾಗಿರಲಿಲ್ಲ.

ಯುಗಪಲ್ಲಟ ಸಂಭವಿಸಿದ್ದು ಅಮೆರಿಕದಲ್ಲಿ. 1930ರ ದಶಕದ ಆರಂಭದಲ್ಲಿ ಲೀ ವುಲ್ಫ್ ಎಂಬಾತ ಡೆನಿಮ್ ವೆಸ್ಟೊಂದಕ್ಕೆ ತಾನೇ ಜೇಬುಗಳನ್ನು ಹೊಲಿದುಕೊಂಡ; ಇಂದಿನ ವೆಸ್ಟುಗಳ ಮೂಲಪುರುಷ ಅವನೇ ಎನ್ನುತ್ತಾರೆ. ಹೊಳೆಯ ನಡುವೆ ನಿಂತವನಿಗೆ ಎರಡೂ ಕೈ ಬೇಕು, ಡಬ್ಬಿ ದಡದಲ್ಲಿದ್ದರೆ ಪ್ರಯೋಜನವಿಲ್ಲ. ಅದಕ್ಕೆ ಬೇಕಾದ ತರ್ಕ ಇಷ್ಟೆ. ಇದೇ ಕೆಲಸವನ್ನು ನಮ್ಮ ವಿದ್ವದ್ವಲಯಕ್ಕೆ ಒಪ್ಪಿಸಿದ್ದರೆ ಮೂರು ದಿನಗಳ ಕಮ್ಮಟ ನಡೆದು, ಆಶಯ ಭಾಷಣ, ಪ್ರತಿಕ್ರಿಯೆ, ಸಮಾರೋಪ, ಶಾಲು-ಹಾರ ಎಲ್ಲ ಆಗುತ್ತಿತ್ತು. ಸೂಜಿ ತಂದವರು ಮಾತ್ರ ಯಾರೂ ಇರುತ್ತಿರಲಿಲ್ಲ.

ಇನ್ನು ವರ್ಗೀಕರಣ. ಜೇಬುಗಳು ಪಂಚವಿಧ. ಮೊದಲನೆಯದು ಅಗ್ರವಕ್ಷಸ್ಥ ಮಹಾಜೇಬು. ಇದರಲ್ಲಿ ಕೃತಕ ನೊಣಗಳ ಡಬ್ಬಿ. ಎರಡನೆಯದು ಉಪವಕ್ಷಸ್ಥ ಲಘುಜೇಬು. ನೊಣ ಮುಳುಗದಂತೆ ಹಚ್ಚುವ ಎಣ್ಣೆಗೆ, ಗಾಳದ ತುದಿಗೆ ಕಟ್ಟುವ ಕೂದಲೆಳೆಯಂಥ ದಾರದ ಉರುಳೆಗೆ. ಮೂರನೆಯದು ಪೃಷ್ಠಸ್ಥ ಅಗೋಚರ ಜೇಬು. ಬೆನ್ನ ಮೇಲಿರುವ ಇದರೊಳಗೆ ಮಳೆಕೋಟು, ಬುತ್ತಿ. ತೊಟ್ಟವನ ಕಣ್ಣಿಗೆ ಕಾಣದೆ, ಕೈಗೆ ಸಿಗದೆ, ಆದರೂ ಇದೆಯೆಂದು ನಂಬಬೇಕಾದ ಕಾರಣ ಇದನ್ನು ಬ್ರಹ್ಮಸ್ವರೂಪಿ ಎನ್ನಲಡ್ಡಿಯಿಲ್ಲ. ನಾಲ್ಕನೆಯದು ಜೇಬೇ ಅಲ್ಲ, ಎದೆಯ ಮೇಲೆ ಹೊಲಿದ ಕುರಿಯುಣ್ಣೆಯ ತುಂಡು; ನೆನೆದ ನೊಣಗಳನ್ನು ಚುಚ್ಚಿಟ್ಟು ಒಣಗಿಸಲು. ಐದನೆಯದನ್ನು ಬಿಡೋಣ. ಪಂಚವಿಧ ಎಂದದ್ದು ಕೇಳಲು ಚೆನ್ನಾಗಿರುತ್ತದೆಂದು.

ನಿಜಕ್ಕೂ ವೆಸ್ಟ್ ಕೊಳ್ಳುವವರಿಗೆ ಹೇಳಬೇಕಾದದ್ದು ನಾಲ್ಕು ಮಾತು. ಸೊಂಟಮಟ್ಟ ನೀರಿಗಿಳಿಯುವವರಿಗೆ ಗಿಡ್ಡನೆಯದೇ ಆಗಬೇಕು, ಇಲ್ಲವಾದರೆ ಕೆಳಜೇಬುಗಳಿಗೆ ನೀರು ತುಂಬುತ್ತದೆ. ಭಾರ ಕತ್ತಿನ ಮೇಲೆ ಬೀಳದೆ ಹೆಗಲಿಗೆ ಹರಡಬೇಕು. ಸೆಕೆಯ ಊರಾದರೆ ಜಾಲರಿ ಬಟ್ಟೆ, ಚಳಿಯದಾದರೆ ಸ್ವೆಟರ್ ಹಿಡಿಸುವಷ್ಟು ಸಡಿಲ. ಅಂಗಡಿಯ ಕನ್ನಡಿಯೆದುರು ಖಾಲಿ ವೆಸ್ಟ್ ತೊಟ್ಟು ನಿಂತರೆ ಏನೂ ಗೊತ್ತಾಗದು. ಜೇಬು ತುಂಬಿಸಿಕೊಂಡು ತೋಳು ಬೀಸಿ ನೋಡಬೇಕು. ಮುಗಿಯಿತು. ಇದಕ್ಕೆ ಚೌಕಟ್ಟು ಬೇಡ.

ಕ್ಷೇತ್ರಕಾರ್ಯ: ಕಾವೇರಿ. ಭೀಮೇಶ್ವರಿ, ಗಾಳಿಬೋರೆಯ ಶಿಬಿರಗಳಿಗೆ ಮಹಸೀರ್ ಮೀನು ಹಿಡಿಯಲು ದೇಶವಿದೇಶದವರು ಬರುತ್ತಿದ್ದ ಕಾಲದಲ್ಲಿ, ಜೊತೆಗೆ ನಿಲ್ಲುತ್ತಿದ್ದ ಹೊಳೆಯಂಚಿನ ಊರಿನವರು ಗಾಳಕ್ಕೆ ಹಾಕುತ್ತಿದ್ದದ್ದು ರಾಗಿ. ಹಿಟ್ಟನ್ನು ಬೇಯಿಸಿ, ಗಟ್ಟಿಯಾಗಿ ನಾದಿ, ಅಂಗೈಯಲ್ಲಿ ಉಂಡೆ ಕಟ್ಟಿ, ಕೊಕ್ಕೆಗೆ ಮೆತ್ತಿ ಸೆಳವಿಗೆ ಬಿಡುತ್ತಿದ್ದರು. ರಾಗಿಮುದ್ದೆಗೆ ಬೇಕಾದ ಜೇಬಿನ ಬಗ್ಗೆ ಶಾಸ್ತ್ರ ಏನೂ ಹೇಳುವುದಿಲ್ಲ. ಇಲ್ಲಿಗೆ ಪ್ರಬಂಧದ ಸೈದ್ಧಾಂತಿಕ ನೆಲೆ ಕುಸಿಯುತ್ತದೆ. ಕುಸಿಯಲಿ.

ಏಕೆಂದರೆ ಜೇಬನ್ನು ಪಂಚವಿಧ ಮಾಡುವ ನಾವು ಆ ಮೀನು ಯಾವುದೆಂದೇ ಸರಿಯಾಗಿ ಕೇಳಿರಲಿಲ್ಲ. ಭಾರತದ ಗಾಳದ ಬೇಟೆಯ ಬಗ್ಗೆ ಎಚ್.ಎಸ್. ಥಾಮಸ್ ಬರೆದ ಪುಸ್ತಕ 1873ರಷ್ಟು ಹಳೆಯದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 120 ಪೌಂಡಿನ ಮಹಸೀರ್ ಹಿಡಿದರು. ತೂಕದ ದಾಖಲೆ ಇತ್ತು, ಎದೆಗವಚಿ ತೆಗೆಸಿಕೊಂಡ ಫೋಟೋಗಳಿದ್ದವು. ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಕಾವೇರಿಯ ಆ ಮೀನು ‘ಟಾರ್ ರೇಮಾದೇವಿ’ ಎಂಬ ಪ್ರಭೇದವೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಗುರುತು ಸಿಕ್ಕ ಬೆನ್ನಿಗೇ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಷ್ಟರಲ್ಲಿ, ಒಳ್ಳೆಯದಾಗಲೆಂದೇ, ಬೇರೆ ಕಡೆ ಮರಿ ಮಾಡಿಸಿದ ನೀಲಿ ರೆಕ್ಕೆಯ ಇನ್ನೊಂದು ಮಹಸೀರನ್ನು ಕಾವೇರಿಗೆ ಬಿಟ್ಟಾಗಿತ್ತು. ಮಹಸೀರ್ ಅಂದರೆ ಮಹಸೀರ್ ತಾನೆ! ಬಂದದ್ದು ಹಬ್ಬಿತು, ಇದ್ದದ್ದು ಕರಗಿತು. ಅಣೆಕಟ್ಟು, ಮರಳುಗಳ್ಳತನ, ಹೊಳೆಗೆ ಎಸೆಯುವ ಡೈನಮೈಟು ತಮ್ಮ ಪಾಲಿನದನ್ನು ಮಾಡಿದವು.

ಈ ಏರುಪೇರು ಬೆಳಕಿಗೆ ಬಂದದ್ದು ಹೇಗೆ ಗೊತ್ತೆ? ಶಿಬಿರದಲ್ಲಿ ಗಾಳದವರು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಟ್ಟ ಮೀನುಗಳ ಲೆಕ್ಕದಿಂದ. ಅದರಲ್ಲಿ ಸಂಕಥನ, ಅನನ್ಯತೆ, ಮುಖಾಮುಖಿ ಒಂದೂ ಇರಲಿಲ್ಲ. ಯಾವ ಮೀನು, ಎಷ್ಟು ತೂಕ, ಯಾವತ್ತು ಎಂದು ಬರೆದಿತ್ತು. ನನಗೆ ಸಿಟ್ಟು ಬರುವುದು ಇಲ್ಲೇ. ಇಂಥ ಹತ್ತು ಪುಟ ನಮ್ಮ ಪ್ರತಿ ಹೊಳೆಗೂ ಇದ್ದಿದ್ದರೆ ಯಾವುದು ಯಾವಾಗ ಹೋಯಿತೆಂದಾದರೂ ತಿಳಿಯುತ್ತಿತ್ತು. ನಾವು ಹೊಳೆಯನ್ನು ‘ರೂಪಕವಾಗಿ’ ಓದುತ್ತ ಕೂತೆವು.

ಜಿಪ್ಪು ಮೇಲೋ ವೆಲ್ಕ್ರೋ ಮೇಲೋ ಎಂಬ ಆರನೆಯ ಅಧ್ಯಾಯವನ್ನೂ ಬರೆದಿಟ್ಟಿದ್ದೆ, ಎಂಬತ್ತು ಪುಟ. ಮಾರ್ಗದರ್ಶಕರು ಕೇಳಿದರೆ ಗೆದ್ದಲು ತಿಂದಿತೆಂದು ಹೇಳುತ್ತೇನೆ.