ಕೃಷ್ಣಧೂಮ ಮೀಮಾಂಸೆ, ಅರ್ಥಾತ್ ಘಾಟಿ ಹತ್ತದ ಲಾರಿ

ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಅಡುಗೆಮನೆಯಲ್ಲಿ ಎರಡೂ ಇರುತ್ತವೆ, ಕೆರೆಯಲ್ಲಿ ಎರಡೂ ಇರುವುದಿಲ್ಲ. ನಮ್ಮ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ಶತಮಾನಗಟ್ಟಲೆ ಈ ಒಂದೇ ಬೆಟ್ಟವನ್ನು ನೋಡುತ್ತ ಅನುಮಾನ ಪ್ರಮಾಣ ಕಲಿತರು. 14ನೇ ಶತಮಾನದಲ್ಲಿ ಮಿಥಿಲೆಯ ಗಂಗೇಶೋಪಾಧ್ಯಾಯರು ಹೊಗೆಗೂ ಬೆಂಕಿಗೂ ಇರುವ ನಂಟನ್ನು ಎಳೆ ಎಳೆಯಾಗಿ ಬಿಡಿಸಿಟ್ಟರು. 17ನೇ ಶತಮಾನದ ಅನ್ನಂಭಟ್ಟರು ‘ತರ್ಕಸಂಗ್ರಹ’ದಲ್ಲಿ ಅದನ್ನು ಹುಡುಗರಿಗೆ ಬಾಯಿಪಾಠವಾಗುವಷ್ಟು ಚಿಕ್ಕದು ಮಾಡಿದರು. ಬೆಟ್ಟ ಯಾವುದು, ಹೊಗೆ ಯಾರದು ಎಂಬುದನ್ನು ಮಾತ್ರ ಇಬ್ಬರೂ ಹೇಳದೆ ಬಿಟ್ಟರು. ಪ್ರಸ್ತುತ ಪ್ರಬಂಧವು ಈ ಕೊರತೆಯನ್ನು ತುಂಬುತ್ತದೆ. ಬೆಟ್ಟವೆಂದರೆ ಗುಂಡ್ಯದಿಂದ ದೋಣಿಗಾಲಿಗೆ ಏರುವ ಶಿರಾಡಿ ಘಾಟಿ. ಹೊಗೆಯು ಮಂಗಳೂರಿನಲ್ಲಿ ಗೊಬ್ಬರ ತುಂಬಿಕೊಂಡು ಹಾಸನದ ಕಡೆ ಹೊರಟ, ಕೊಂಚ ವಯಸ್ಸಾದ, ಆರು ಸಿಲಿಂಡರಿನ ಲಾರಿಯದು.

ವಿಷಯದ ಜಟಿಲತೆ ಇರುವುದು ಇಲ್ಲೇ. ಹೊಗೆಯಿಂದ ಬೆಂಕಿ ಸಿದ್ಧವಾಗುವುದಾದರೆ, ಕಾಡಿಗೆಯಂಥ ಈ ದಟ್ಟ ಹೊಗೆಯಿಂದ ಮಹಾಬೆಂಕಿಯೇ ಸಿದ್ಧವಾಗಬೇಕು, ಮಹಾಬೆಂಕಿಯಿಂದ ಮಹಾಶಕ್ತಿ, ಆ ಶಕ್ತಿಯಿಂದ ಲಾರಿ ಇಷ್ಟು ಹೊತ್ತಿಗೆ ಸಕಲೇಶಪುರ ದಾಟಿರಬೇಕು. ಪ್ರತ್ಯಕ್ಷದಲ್ಲಿ ಅದು ಸೆಕೆಂಡ್ ಗೇರಿನಲ್ಲಿ ತೆವಳುತ್ತಿದೆ. ಹಿಂದಿನ ಬಸ್ಸಿನವರು ಕಿಟಕಿ ಎಳೆದುಕೊಂಡು, ಶಾಸ್ತ್ರದಲ್ಲಿ ಬಳಕೆಯಿಲ್ಲದ ಪದಗಳಿಂದ ಡ್ರೈವರನನ್ನು ಸಂಬೋಧಿಸುತ್ತಿದ್ದಾರೆ. ಕೊಟ್ಟ ಕಾರಣವೇ ಉಲ್ಟಾ ಹೊಡೆದು ಎದುರಾಳಿಯ ಮಾತನ್ನು ಸಾಧಿಸಿದರೆ ನೈಯಾಯಿಕರು ಅದನ್ನು ‘ವಿರುದ್ಧ’ ಎಂಬ ಹೇತ್ವಾಭಾಸ ಎನ್ನುತ್ತಾರೆ. ಲಾರಿಯ ಕಪ್ಪು ಹೊಗೆ ಆ ಜಾತಿಯದು. ಅದು ಸಾಧಿಸುವುದು ಬೆಂಕಿಯನ್ನಲ್ಲ, ಬೆಂಕಿಯ ಬಡತನವನ್ನು.

ಶಾಸ್ತ್ರಕಾರರು ಎಡವಿದ್ದೆಲ್ಲಿ? ಅಡುಗೆಮನೆಯನ್ನು ಉದಾಹರಣೆಗೆ ತಂದರಾದರೂ ಒಳಗೆ ಕಾಲಿಟ್ಟಂತೆ ಕಾಣುವುದಿಲ್ಲ. ಮಣೆಯ ಮೇಲೆ ಕೂತು ನೋಡಿರಬೇಕು. ಒಲೆಯ ಮುಂದೆ ಊದುಗೊಳವೆ ಹಿಡಿದ ಹೆಂಗಸನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಹೊಗೆ ಬಂದರೆ ಸೌದೆ ಉರಿಯುತ್ತಿಲ್ಲ ಎಂದರ್ಥ. ಆಗ ಇನ್ನೊಂದು ಸೌದೆ ತುರುಕುವವನು ಮೂರ್ಖ; ಗಾಳಿ ಊದಬೇಕು. ಡೀಸೆಲ್ ಎಂಜಿನ್ನಿನ ಸಮಸ್ತ ರಹಸ್ಯ ಇಷ್ಟೇ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಲೆಕ್ಕಕ್ಕೆ ಸುಮಾರು 14.5 ಕಿಲೋ ಗಾಳಿ ಬೇಕು. ಬೆರೆಯಲು ಸಿಗುವ ಸಮಯ ಕಣ್ಣೆವೆ ಹೊಡೆಯುವಷ್ಟೂ ಇಲ್ಲವಾದ್ದರಿಂದ ಅಸಲಿಗೆ ಅದಕ್ಕಿಂತ ಹೆಚ್ಚೇ ಬೇಕು. ಗಾಳಿ ಸಾಲದಿದ್ದರೆ ಡೀಸೆಲ್ಲಿನೊಳಗಿನ ಇಂಗಾಲ ಅರ್ಧಂಬರ್ಧ ಬೆಂದು ಮಸಿಯಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ. ಚಕ್ರಕ್ಕೆ ಹೋಗಬೇಕಿದ್ದ ಶಕ್ತಿಯೇ ಹೀಗೆ ಆಕಾಶಕ್ಕೆ ಹೋಗುವುದು. ಹೊಗೆಯೂ ಪಿಕಪ್ ಇಲ್ಲದಿರುವುದೂ ಎರಡು ರೋಗಗಳಲ್ಲ.

ಬಿಳಿ, ನೀಲಿ ಹೊಗೆಗಳು ಬೇರೆ ಗ್ರಂಥದ ವಿಷಯ. ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿಯಾದರೆ ಹೊತ್ತದ ಡೀಸೆಲ್ ಅಥವಾ ಒಳಗೆ ಸೇರಿದ ರೇಡಿಯೇಟರ್ ನೀರು. ಮಳೆಗಾಲದ ಶಿರಾಡಿಯಲ್ಲಿ ಅದು ಬರೀ ಮಂಜೂ ಆಗಿರಬಹುದು. ಮಂಜನ್ನು ಹೊಗೆಯೆಂದು ಭ್ರಮಿಸುವವರ ಬಗ್ಗೆ ಪ್ರಾಚೀನರು ಆಗಲೇ ಎಚ್ಚರಿಸಿದ್ದಾರೆ, ಪುನರುಕ್ತಿ ಬೇಡ.

ಪಾಶ್ಚಾತ್ಯರ ಕೊಡುಗೆಯನ್ನು ಮರೆಯುವಂತಿಲ್ಲ. 1888ರಲ್ಲಿ ಪ್ಯಾರಿಸ್ಸಿನ ಕೃಷಿ ಯಂತ್ರಗಳ ಪ್ರಾಧ್ಯಾಪಕ ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್ ಬಿಳಿ ಹಾಳೆಯ ಮೇಲೆ ಕಪ್ಪು ಗೆರೆಗಳ ಜಾಲ ಬರೆದು ಹೊಗೆಯ ಕಪ್ಪನ್ನು ಅಳೆಯುವ ಪಟ್ಟಿ ಮಾಡಿದ. 1 ಎಂದರೆ ನೂರಕ್ಕೆ 20 ಪಾಲು ಕಪ್ಪು, 5 ಎಂದರೆ ಪೂರಾ ಕಪ್ಪು. ಇದೇ ಮಹಾಶಯ ಇನ್ನೊಂದನ್ನೂ ಕಂಡುಹಿಡಿದಿದ್ದ: ಹಗ್ಗ ಎಳೆಯಲು ಜನ ಹೆಚ್ಚಾದಷ್ಟೂ ಒಬ್ಬೊಬ್ಬರ ಎಳೆತ ಕಡಿಮೆಯಾಗುತ್ತದೆ. ಕಪ್ಪು ಹೊಗೆ ಮತ್ತು ಶಕ್ತಿಹ್ರಾಸ ಎರಡನ್ನೂ ಒಬ್ಬನೇ ಅಧ್ಯಯನ ಮಾಡಿದ್ದು ಕಾಕತಾಳೀಯವೆಂದು ಈ ಲೇಖಕ ಒಪ್ಪಲಾರ. ಕೆಟ್ಟು ನಿಂತ ಲಾರಿಯ ಸುತ್ತ ಸೇರುವ ಜನರನ್ನು ನೋಡಿದವರಾರೂ ಒಪ್ಪಲಾರರು.

ನಮ್ಮ ಸರ್ಕಾರ ಈಗ ಹಾಳೆ ಬಿಟ್ಟು ಬೆಳಕು ಹಾಯಿಸಿ ಅಳೆಯುತ್ತದೆ. ಬಿಎಸ್-4ಕ್ಕೆ ಹಿಂದಿನ ಡೀಸೆಲ್ ಗಾಡಿಗೆ 65 ಹಾರ್ಟ್ರಿಡ್ಜ್ ಯೂನಿಟ್, ಬಿಎಸ್-4ಕ್ಕೆ 50 ಮಿತಿ. ಪರೀಕ್ಷೆ ನಡೆಯುವುದು ಗಾಡಿ ನಿಂತಲ್ಲೇ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ. ಲೋಡಿಲ್ಲದ ಲಾರಿಯ ಹೊಗೆ ಮದುವೆ ಗೊತ್ತಾಗುವ ಮುಂಚಿನ ಗಂಡಿನ ನಡತೆಯಷ್ಟೇ ವಿಶ್ವಾಸಾರ್ಹ. ನಮ್ಮ ಲಾರಿಯ ಕ್ಯಾಬಿನ್ನಿನಲ್ಲೂ ಎಮಿಷನ್ ಸರ್ಟಿಫಿಕೇಟ್ ಇತ್ತು. ಹೊಗೆ ಬೀಳುವಾಗಲೂ ಇತ್ತು.

ಇನ್ನು ಪೂರ್ವಪಕ್ಷಗಳು. ದೋಣಿಗಾಲಿನ ಆಚೆ ಗ್ಯಾರೇಜಿನ ಮುಂದೆ ಲಾರಿ ನಿಲ್ಲುವ ಹೊತ್ತಿಗೆ ನಾಲ್ಕು ದರ್ಶನಗಳು ಸಿದ್ಧವಾಗಿದ್ದವು. ಡ್ರೈವರನ ಮತದಲ್ಲಿ ಡೀಸೆಲ್ಲೇ ಕಲಬೆರಕೆ. ಫೋನಿನಲ್ಲಿದ್ದ ಓನರಿನ ಮತದಲ್ಲಿ ಡ್ರೈವರನ ಕಾಲೇ ಭಾರ. ಎರಡೂ ಸಮಬಲದ ವಾದಗಳಾದ್ದರಿಂದ ಇದು ಶಾಸ್ತ್ರೋಕ್ತ ಸತ್ಪ್ರತಿಪಕ್ಷ. ಫೋನಿನ ಚಾರ್ಜ್ ಮುಗಿಯುವವರೆಗೂ ನಡೆಯಿತು. ಕ್ಲೀನರ್ ಹುಡುಗನದು ದೃಷ್ಟಿವಾದ: ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣು-ಮೆಣಸಿನಕಾಯಿ ಗುಂಡ್ಯದಲ್ಲೇ ಉದುರಿದೆ. ನಾಲ್ಕನೆಯದು ಪಂಪ್-ನಾಜಲ್ ದರ್ಶನ, ಇದಕ್ಕೆ ಅನುಯಾಯಿಗಳು ಅಸಂಖ್ಯ. ಹೊಗೆ ಎಂದರೆ ನಾಜಲ್ ಎಂಬುದು ಇವರ ಮೂಲಮಂತ್ರ. ಈ ಮತಕ್ಕೆ ಶರಣಾಗಿಯೇ ಓನರು ಹಿಂದಿನ ವಾರ ಆರೂ ನಾಜಲ್ ಹೊಸದು ಹಾಕಿಸಿದ್ದು.

ಮೇಸ್ತ್ರಿ ಯಾವ ದರ್ಶನಕ್ಕೂ ಸೇರಿದವನಲ್ಲ. ಬೀಡಿ ಆರಿಸಿ, ಎಂಜಿನ್ ಸ್ಲೋದಲ್ಲಿ ಬಿಡಿಸಿ, ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸಿ ಬಿಗಿದ. ಪ್ರತಿ ಸಲವೂ ಎಂಜಿನ್ ಒಂದೇ ತೆರನಾಗಿ ಕುಂಟಿತು. ಯಾವ ಸಿಲಿಂಡರನ್ನು ಕತ್ತರಿಸಿದಾಗ ಸದ್ದು ಬದಲಾಗುವುದಿಲ್ಲವೋ ಅದೇ ಸೋಮಾರಿ. ಇಲ್ಲಿ ಆರೂ ದುಡಿಯುತ್ತಿದ್ದವು. (ಹಳೆಯ ಪಂಪಿನ ಎಂಜಿನ್ನಿಗೆ ಮಾತ್ರ ಈ ವಿಧಿ. ಕಾಮನ್ ರೈಲ್ ಗಾಡಿಯಲ್ಲಿ ಹೀಗೆ ನಟ್ ಬಿಚ್ಚಿದರೆ ಸಾವಿರ ಬಾರ್ ಮೀರಿದ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.)

“ಡೀಸೆಲ್ ಫಿಲ್ಟರ್ ಕಟ್ಟಿರಬೈದಾ ಮೇಸ್ತ್ರಿ?” ಎಂದ ಡ್ರೈವರ್.

“ಕಟ್ಟಿದ್ರೆ ಎಳೀತಿರ್ಲಿಲ್ಲ ಅಷ್ಟೆ. ಹಿಂಗೆ ಕರ್ರಗೆ ಕಕ್ತಿರ್ಲಿಲ್ಲ.”

ನವದ್ವೀಪದ ನ್ಯಾಯಪಂಡಿತರು ಎಷ್ಟೋ ಪುಟ ತೆಗೆದುಕೊಳ್ಳುತ್ತಿದ್ದ ವ್ಯತಿರೇಕವ್ಯಾಪ್ತಿ ಇದು. ಶಕ್ತಿ ಕುಗ್ಗಿ ಕಪ್ಪು ಹೊಗೆ ಇಲ್ಲವಾದರೆ ಡೀಸೆಲ್ಲಿನ ಬರ; ಶಕ್ತಿ ಕುಗ್ಗಿ ಕಪ್ಪು ಹೊಗೆಯೂ ಇದ್ದರೆ ಗಾಳಿಯ ಬರ. ಏರ್ ಕ್ಲೀನರ್ ತೆಗೆದು ತಟ್ಟಿದ. ಧೂಳಿತ್ತು, ಕೊಲೆ ಮಾಡುವಷ್ಟಿರಲಿಲ್ಲ. ಟರ್ಬೋದ ಮೂತಿಗೆ ಬೆರಳು ಹಾಕಿ ಶಾಫ್ಟ್ ಅಲ್ಲಾಡಿಸಿದ. ಆಟ ಇರಲಿಲ್ಲ, ರೆಕ್ಕೆ ಸಲೀಸಾಗಿ ತಿರುಗಿತು. ಆಮೇಲೆ ಟರ್ಬೋದಿಂದ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸಿನ ಅಡಿಗೆ ಕೈ ತೂರಿಸಿದ. ಕೈ ಹೊರಗೆ ಬಂದಾಗ ಮೂರು ಬೆರಳಿನ ತುದಿಯಲ್ಲಿ ಆಯಿಲ್ ಬೆರೆತ ಒದ್ದೆ ಮಣ್ಣು. ಕ್ಲೀನರ್ ಸೋಪಿನ ನೀರು ತಂದ, ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಹದವಾಗಿ ಗಾಳಿ ಬಿಟ್ಟರು. ಕ್ಲಾಂಪಿನ ಪಕ್ಕದಲ್ಲೇ, ಮೇಲಿಂದ ಯಾರಿಗೂ ಕಾಣದ ಕಡೆ, ಬೆರಳುದ್ದದ ಸೀಳು ಬಾಯಿ ತೆರೆದು ನೊರೆ ಉಗುಳಿತು. ಗಾಳಿ ನಿಲ್ಲಿಸಿದರೆ ಮತ್ತೆ ಬಾಯಿ ಮುಚ್ಚಿ ಸಂಭಾವಿತ ಹೋಸು.

ಊದುಗೊಳವೆಯೇ ಒಡೆದಿತ್ತು. ಏರಿನಲ್ಲಿ ಟರ್ಬೋ ಒತ್ತಿ ಕಳಿಸಿದ ಗಾಳಿ ಅರ್ಧ ದಾರಿಯಲ್ಲೇ ಪರಾರಿ. ಗಾಳಿಯ ಒತ್ತಡ ನೋಡಿಕೊಂಡು ಡೀಸೆಲ್ ಹಿಡಿತ ಮಾಡುವ ಅಂಗ ಪಂಪಿನಲ್ಲೇ ಇರುತ್ತದೆ. ಆದರೆ ಹಿಂದೆ ಯಾರೋ ‘ಪಿಕಪ್ ಬರ್ಲಿ’ ಎಂದು ಸೀಲು ಒಡೆದು ಅದರ ಸ್ಕ್ರೂ ತಿರುಗಿಸಿದ್ದರಿಂದ ಪಂಪು ಗಾಳಿಯ ಗೊಡವೆಯಿಲ್ಲದೆ ಸೌದೆ ತುರುಕುತ್ತಲೇ ಇತ್ತು. ಸಪಾಟಿನಲ್ಲಿ, ಖಾಲಿ ಗಾಡಿಯಲ್ಲಿ, ಎಮಿಷನ್ ಕೇಂದ್ರದಲ್ಲಿ ಸೀಳು ತೆರೆಯುವುದೇ ಇಲ್ಲ. ಆದ್ದರಿಂದಲೇ ಸತ್ಯದರ್ಶನಕ್ಕೆ ಬೆಟ್ಟವೇ ಬೇಕು. ಪ್ರಾಚೀನರು ಆ ಆಯ್ಕೆಯಲ್ಲಾದರೂ ಸರಿಯಿದ್ದರು.

ಇಲ್ಲೊಂದು ಆಕ್ಷೇಪ ಏಳುತ್ತದೆ. 2020ರ ಏಪ್ರಿಲ್ 1ರಿಂದ ಬಂದಿರುವ ಬಿಎಸ್-6 ಲಾರಿಗಳಲ್ಲಿ ಮಸಿಯನ್ನು ಫಿಲ್ಟರೊಂದು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ, ಹೊಗೆ ಕಾಣುವುದೇ ಇಲ್ಲ. ಹಾಗಾದರೆ ಈ ಶಾಸ್ತ್ರದ ಗತಿಯೇನು? ಸಮಾಧಾನ: ಅಲ್ಲಿ ಮಸಿ ಕಟ್ಟಿಕೊಂಡ ಫಿಲ್ಟರ್ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಸುತ್ತದೆ, ಕಂಪ್ಯೂಟರು ತಾನೇ ಶಕ್ತಿ ಇಳಿಸುತ್ತದೆ. ಬೆಟ್ಟದ ಮೇಲೆ ಹೊಗೆ ಇಲ್ಲ, ದೀಪ ಇದೆ, ಲಾರಿ ಮಾತ್ರ ನಿಂತಿದೆ. ನೈಯಾಯಿಕರು ಹೊಸ ಉದಾಹರಣೆ ಹುಡುಕಿಕೊಳ್ಳಲಿ.

ಉಳಿದದ್ದು ಶಬ್ದಪ್ರಮಾಣ. ಹೊಸ ಹೋಸು, ಎರಡು ಕ್ಲಾಂಪು ಹಾಕಿ ಲಾರಿ ಹೊರಟ ಮೇಲೆ ಓನರು ಹಿಂದಿನ ವಾರದ ಆರು ನಾಜಲ್‌ಗಳ ಬಿಲ್ಲು ಹಿಡಿದು ಬಿಡಿಭಾಗದ ಅಂಗಡಿಗೆ ಹೋದರು. ಅಂಗಡಿಯವರು ಮಾತಾಡಲಿಲ್ಲ, ತಲೆಯ ಮೇಲಿನ ಬೋರ್ಡು ತೋರಿಸಿದರು: ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ. ಅದನ್ನು ಬರೆದವರು ಯಾರೆಂದು ಅಂಗಡಿಯವರಿಗೂ ಗೊತ್ತಿಲ್ಲ, ಅವರ ತಂದೆಯ ಕಾಲಕ್ಕೂ ಹೀಗೇ ಇತ್ತಂತೆ. ಆದ್ದರಿಂದ ಅದು ಅಪೌರುಷೇಯ. ಓನರು ಬಿಲ್ಲು ಮಡಿಸಿ ಜೇಬಿಗಿಟ್ಟುಕೊಂಡು, ಬಂದ ತಪ್ಪಿಗೆ ಒಂದು ಡೀಸೆಲ್ ಫಿಲ್ಟರ್ ಕೊಂಡುಕೊಂಡು ಬಂದರು.