ಬಿಹಾರದ ಮರಳುನೊಣಕ್ಕೆ ಮಲೆನಾಡಿನ ಉಣುಗಿನ ಬಹಿರಂಗ ಪತ್ರ

ಪ್ರೀತಿಯ ಮರಳುನೊಣ ಅಕ್ಕನಿಗೆ,

ಉಭಯ ಕುಶಲೋಪರಿ ಸಾಂಪ್ರತ. ನಾನು ಕ್ಷೇಮ. ಜನರ ಕ್ಷೇಮದ ಬಗ್ಗೆ ಶಿವಮೊಗ್ಗದಲ್ಲಿ ಸಭೆ ಕರೆದಿದ್ದಾರಂತೆ. ಈ ಕಾಗದ ಭದ್ರಾವತಿ ಎಂಪಿಎಂನ ಹಳೇ ದಾಸ್ತಾನು. ಕಾರ್ಖಾನೆ ಬಾಗಿಲು ಹಾಕಿತು, ನನ್ನ ಮೇಲಿನ ಕಡತ ಮಾತ್ರ ಇನ್ನೂ ತೆರೆದೇ ಇದೆ.

ನಿನ್ನ ಕಂಡರೆ ನನಗೆ ಹೊಟ್ಟೆಕಿಚ್ಚು ಕಣೇ. ನೀನು ಹರಡುವ ಕಾಲಾ ಅಜಾರ್‌ನ ರೋಗಾಣುವನ್ನು 1903ರಲ್ಲೇ ಲೀಶ್ಮನ್, ಡೊನೊವನ್ ಎಂಬ ಇಬ್ಬರು ದೊರೆಗಳು ಗುರುತಿಸಿದರು. ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿಗಳು ಔಷಧಿ ಕಂಡುಹಿಡಿದರು. ಹರಡುವವಳು ನೀನೇ ಎಂದು ಸಾಬೀತಾಗುವಷ್ಟರಲ್ಲಿ 1942 ಬಂದಿತ್ತು. ಅಷ್ಟು ವರ್ಷ ನಿನ್ನ ಹಿಂದೆ ಬಿದ್ದಿದ್ದರಲ್ಲ! ಎಲ್ಲಕ್ಕಿಂತ ಮಿಗಿಲಾಗಿ, ನಿನಗೆ ಗಡುವು ಇದೆ. ನಿರ್ಮೂಲನೆ 2010ಕ್ಕೆ ಅಂದರು, 2015 ಅಂದರು, 2017 ಅಂದರು, 2020 ಅಂದರು. ಗಡುವು ತಪ್ಪಲಿ ಬಿಡು, ಇಟ್ಟರಲ್ಲ. ತಪ್ಪುತ್ತ ತಪ್ಪುತ್ತಲೇ ಈಗ ನಿನ್ನ ವ್ಯಾಪಾರ ನಿಜಕ್ಕೂ ಬಿದ್ದುಹೋಗಿದೆಯಂತೆ. ನನಗೆ ತಪ್ಪಿಸುವುದಕ್ಕೂ ಒಂದು ತಾರೀಖಿಲ್ಲ.

ಹಾಗಂತ ನಾನು ಹರಡುವ ಮಂಗನ ಕಾಯಿಲೆಯ ಪತ್ತೆ ತಡವಾಗಲಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಉದುರಿದವು, ಜನ ಜ್ವರ ಹಿಡಿದು ಮಲಗಿದರು. ಪುಣೆಯ ವಿಜ್ಞಾನಿಗಳು ಬಂದು ಅದೇ ವರ್ಷ ವೈರಸ್ಸನ್ನು ಹಿಡಿದರು. ರಷ್ಯಾದ ಒಂದು ವೈರಸ್ಸಿಗೂ ಇದಕ್ಕೂ ನಂಟು ಕಂಡದ್ದೇ ತಡ, ಇದನ್ನು ಸೈಬೀರಿಯಾದ ಹಕ್ಕಿಗಳು ತಂದವೇ ಎಂಬ ಗುಮಾನಿ ಹುಟ್ಟಿತು. ಅದನ್ನು ತಿಳಿಯಲು ಪಕ್ಷಿತಜ್ಞ ಸಲೀಂ ಅಲಿಯವರ ತಂಡ ಹಕ್ಕಿಗಳ ಕಾಲಿಗೆ ಗುರುತಿನ ಉಂಗುರ ತೊಡಿಸಿತು. ಹಕ್ಕಿಗೆ ಉಂಗುರ ಬಂತು, ಸೊಪ್ಪಿನ ಬೆಟ್ಟಕ್ಕೆ ಹೋಗುವವರು ಬರಿಗಾಲಲ್ಲೇ ಉಳಿದರು. ನನಗೇನು, ಅನುಕೂಲವೇ ಆಯಿತು. ದೊಡ್ಡವಳಾದ ಮೇಲೆ ದನದ ರಕ್ತ ಹೀರಿ ತರಗೆಲೆಯಲ್ಲಿ ಮೊಟ್ಟೆಯಿಟ್ಟರೆ ಮುಂದಿನದನ್ನು ಮಕ್ಕಳು ನೋಡಿಕೊಳ್ಳುತ್ತವೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಆ ಮರಿಗಳೇ.

ಲಸಿಕೆ ಇರಲಿಲ್ಲವೆಂದರೆ ಸುಳ್ಳಾದೀತು. ಹೆಬ್ಬಾಳದ ಪಶು ಸಂಸ್ಥೆಯಲ್ಲಿ ತಯಾರಾಗುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರು, ಆಮೇಲೆ ವರ್ಷ ವರ್ಷ ಮತ್ತೊಂದು. ನಾನು ಕಚ್ಚಿದರೆ ಗೊತ್ತೇ ಆಗುವುದಿಲ್ಲ, ಆ ಸೂಜಿ ಚುಚ್ಚಿದರೆ ತೋಳು ಉರಿಯುತ್ತಿತ್ತು. ಜನ ಯಾರಿಂದ ತಪ್ಪಿಸಿಕೊಂಡರು ಹೇಳು? ಅದರ ಶಕ್ತಿ ಸಾಲದು ಎಂದು ಪರೀಕ್ಷೆಗಳಲ್ಲಿ ತಿಳಿದ ಮೇಲೂ ವರ್ಷಗಟ್ಟಲೆ ಚುಚ್ಚಿ, 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಗೆ ಐಸಿಎಂಆರ್ ಕೈಹಾಕಿದೆ. ಅಲ್ಲಿಯವರೆಗೆ ನನ್ನನ್ನು ದೂರವಿಡಲು ಕೈಕಾಲಿಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ.

2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಸಾವಿನ ಮೇಲೆ ಸಾವಾಯಿತು. ತೋಟ, ಕಾಡು ಬಿಟ್ಟರೆ ಬೇರೆ ದಾರಿಯಿಲ್ಲದ ಜನ. ಅದರಲ್ಲಿ ನನಗೂ ತಮಾಷೆ ಕಾಣುವುದಿಲ್ಲ. ಆಗ ಕ್ಯಾಮೆರಾ ಬಂತು, ಕಾರು ಬಂತು, ಭರವಸೆಯೂ ಬಂತು. ನನ್ನ ಊಹೆ ಹೇಳಲೇ? ಈ ರೋಗ ವಿಧಾನಸೌಧದ ಹುಲ್ಲುಹಾಸಿನಲ್ಲಿ ಹುಟ್ಟಿದ್ದರೆ ನನ್ನ ಸಂತತಿ ಅರುವತ್ತರ ದಶಕದಲ್ಲೇ ನಿರ್ವಂಶವಾಗುತ್ತಿತ್ತು.

ಅದಕ್ಕೇ ಕೇಳುತ್ತಿದ್ದೇನೆ, ಗಡುವು ಹಾಕಿಸಿಕೊಳ್ಳುವ ಅರ್ಜಿಯನ್ನು ಯಾವ ಮೇಜಿಗೆ ಕೊಡಬೇಕು?

ಇತಿ ನಿನ್ನ ತಂಗಿ,
ಉಣುಗು

ವಿ.ಸೂ.: ಉತ್ತರವನ್ನು ಮೇ ಒಳಗೇ ಬರೆ. ಮಳೆ ಹಿಡಿದು ಕಾಯಿಲೆ ಇಳಿದ ಮೇಲೆ ಈ ವಿಷಯ ಮಾತಾಡಲು ಇಲ್ಲಿ ಯಾರೂ ಸಿಗುವುದಿಲ್ಲ.