ಫ್ಲೆಕ್ಸ್ ಭಾವ

ತೆಂಗಿನಗುಂಡಿ ಬಂದರಿನ ಆಸುಪಾಸಿನಲ್ಲಿ ಮದುವೆ, ಶ್ರದ್ಧಾಂಜಲಿ, ಆಟ, ಕಬಡ್ಡಿ ಏನೇ ಇರಲಿ, ಬ್ಯಾನರು ಮಾತ್ರ ಫ್ಲೆಕ್ಸ್ ಭಾವನದು. ಅವನಿಗಿಂತ ಹಿರಿಯರಿಗೂ ಅವನು ಭಾವನೇ. ಕೊಟ್ಟ ಚೀಟಿ ಓದುವ ಮೊದಲು ಅವನು ಕೇಳುವುದು ಒಂದೇ: "ಫೋಟೊ ಎಷ್ಟು?"

ನಾವು ನಾಲ್ಕು ಜನ ಸೇರಿ ನಿಷೇಧಿತ ಪುಸ್ತಕಗಳ ಬಗ್ಗೆ ಗೋಷ್ಠಿ ಇಟ್ಟುಕೊಂಡಿದ್ದೆವು. "ನಿಷೇಧ" ಎಂದು ಮೇಲೆ ದಪ್ಪ ಅಕ್ಷರದಲ್ಲಿ ಬರಲಿ ಎಂದೆ.

"ಬೇಡ ಮಾಸ್ತರ್ರೇ. ಇದನ್ನ ಬಂದರಲ್ಲಿ ಕಟ್ಟಿದ್ರೆ ದೋಣಿಯವ್ರು ಎಂತ ತಿಳ್ಕೊಳ್ತ್ರು? ಜೂನ್, ಜುಲೈ 61 ದಿವ್ಸ ಮೀನುಗಾರಿಕೆ ಬಂದ್ ಮಾಡಿದ್ದು ಸಾಲ್ದಾ, ಮತ್ತೆಂತಕ್ಕೆ ನಿಷೇಧ ಅಂತ ನನ್ನ ಅಂಗಡಿಗೇ ಬರ್ತ್ರು."

ಶೀರ್ಷಿಕೆ "ಸಾಹಿತ್ಯ ಸಂಜೆ" ಆಯಿತು. ಕೆಳಗಿನ ಸಾಲಿಗೆ ಬಂದ. ಪಿ.ವಿ. ನಾರಾಯಣರ 'ಧರ್ಮಕಾರಣ'ವನ್ನು 1997ರಲ್ಲಿ ಸರಕಾರ ಮುಟ್ಟುಗೋಲು ಹಾಕಿಕೊಂಡದ್ದು ಅದರಲ್ಲಿತ್ತು.

"ಮುಟ್ಟುಗೋಲು ಅಂದ್ರೆ ಬ್ಯಾಂಕಿನವ್ರ ನೆನಪಾಗ್ತದೆ. ಸಾಲ ಮಾಡಿದವ್ರು ಈ ಕಡೆ ತಲೆ ಹಾಕೂದಿಲ್ಲ." ಅದೂ ಹೋಯಿತು. ಕಾದಂಬರಿಯ ಹೆಸರಲ್ಲಿ ಎರಡೇ ಅಕ್ಷರ ತೆಗೆದರೆ ತೊಂದರೆಯಿಲ್ಲ ಎಂದ. 'ಕಾರಣ' ಉಳಿಯಿತು.

ಆ ಪುಸ್ತಕದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಸರಕಾರ ಮಾಡಿದ್ದು ಸರಿ ಅನ್ನಿಸಿಕೊಳ್ಳಲು 2007 ಆಗಬೇಕಾಯಿತು. ಭಾವ ಅರ್ಧ ಚಾ ಕುಡಿಯುವುದರೊಳಗೆ ಮುಗಿಸಿದ.

ಬಣ್ಣಕ್ಕೂ ಅವನದೇ ಶಾಸ್ತ್ರ. ಕೇಸರಿ, ಹಸಿರು, ನೀಲಿ, ಕೆಂಪು, ಎಲ್ಲಕ್ಕೂ ವಾರಸುದಾರರಿದ್ದಾರೆ. ಕೊನೆಗೆ ಒಣಮೀನಿನ ಬಣ್ಣ ಗಟ್ಟಿಯಾಯಿತು. ಬೀಗ ಹಾಕಿದ ಪುಸ್ತಕದ ಚಿತ್ರ ಕೇಳಿದ್ದೆ. ಮುಳುಗುವ ಸೂರ್ಯ, ಎರಡು ತೆಂಗಿನಮರ ಬಂದವು.

ಮೂಲೆಯಲ್ಲಿ ಚುಟುಕು ಕವಿ ದಿನಕರ ದೇಸಾಯಿಯವರ ಫೋಟೊ ಇತ್ತು. ರೈತರ ಪರ ನಿಂತದ್ದಕ್ಕೆ 1940ರಲ್ಲಿ ಬ್ರಿಟಿಷರು ಅವರನ್ನು ನಮ್ಮ ಜಿಲ್ಲೆಯಿಂದಲೇ ಗಡೀಪಾರು ಮಾಡಿದ್ದರು. ಒಬ್ಬೊಬ್ಬರಾಗಿ ಪ್ರಾಯೋಜಕರು ಬಂದು ಕೂತಂತೆ ದೇಸಾಯಿಯವರು ಅಂಚಿಗೆ ಸರಿದರು. ಕಟ್ಟುವಾಗ ಆ ಅಂಚು ಕಂಬದ ಹಿಂದಕ್ಕೆ ಮಡಚಿಕೊಂಡಿತು. ಮತ್ತೊಮ್ಮೆ ಗಡೀಪಾರು.

"ಜನ ಬರ್ಬೇಕಾ ಬೇಡ್ವಾ?" ಎಂದು ಭಾವ ತಾನಾಗಿಯೇ ಸೇರಿಸಿದ ಒಂದು ಸಾಲು ಎಲ್ಲಕ್ಕಿಂತ ದೊಡ್ಡದಾಗಿತ್ತು: "ಊಟದ ವ್ಯವಸ್ಥೆ ಇದೆ". ಸುಳ್ಳಲ್ಲ, ಕುರ್ಚಿ ಸಾಲಲಿಲ್ಲ.

ಊಟದ ಸಾಲಿನಲ್ಲಿ ಭಾವ ನನ್ನ ಹಿಂದೆಯೇ ನಿಂತಿದ್ದ. ಅತ್ತಿತ್ತ ನೋಡಿ, ಕಿವಿಯ ಹತ್ತಿರ ಬಂದ.

"ಮಾಸ್ತರ್ರೇ, ಆ ಪುಸ್ತಕದಲ್ಲಿ ಅಂಥಾದ್ದು ಎಂತ ಇತ್ತು? ಒಂದು ಜೆರಾಕ್ಸ್ ಸಿಕ್ಕೂದಾ? ಮುಖಪುಟ ಬೇಡ, ಒಳಗಿಂದು ಸಾಕು."